ಶೇ 1ರ ಬೋರ್ಡೋ ದ್ರಾವಣ ತಿಳಿಯಾಗಿದೆ, ಕತ್ತಿಗೆ ತಾಮ್ರವೂ ಹತ್ತುತ್ತಿದೆ

ಹೊಸತೋಟ:
ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಈ ಸಲ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ನೀರಿನಲ್ಲಿ ಬೆರೆಸಿದ್ದು) ನಾನೇ ತಯಾರಿಸುತ್ತಿದ್ದೇನೆ. ಒಂದು ಡ್ರಮ್‌ನಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 100 ಲೀಟರ್ ನೀರಿಗೆ 1 ಕಿಲೋ ಸುಣ್ಣ. ಎರಡೂ ಶೇ 1. ಎರಡನ್ನೂ ದೊಡ್ಡ ಟ್ಯಾಂಕಿಗೆ ಒಟ್ಟಿಗೆ ಸುರಿದೆ. ಪಕ್ಕದ ತೋಟದವರ ದ್ರಾವಣಕ್ಕೆ ಹೋಲಿಸಿದರೆ ನನ್ನದರ ಬಣ್ಣ ಬಹಳ ತಿಳಿ. ಉಜ್ಜಿದ ಕತ್ತಿಯನ್ನು ಅದ್ದಿದರೆ ಕೆಂಪು ಲೇಪ ಕೂರುತ್ತಿದೆ. ಸುಣ್ಣ ಹೋದ ವರ್ಷ ಬಿಚ್ಚಿದ ಚೀಲದ್ದು.

ಮುಂದಿನ ಸುತ್ತಿಗೆಂದು 10 ಲೀಟರ್ ನೀರಿಗೆ 2 ಕಿಲೋ ಮೈಲುತುತ್ತ ಹಾಕಿ ಶೇ 20ರ ಗಟ್ಟಿ ದ್ರಾವಣವನ್ನೂ ಮಾಡಿಟ್ಟಿದ್ದೇನೆ. ಅಳೆದರೆ ಕ್ಯಾನಿನಲ್ಲಿ ಹತ್ತು ಲೀಟರ್‌ಗಿಂತ ಹೆಚ್ಚೇ ಇದೆ. ಇದರಲ್ಲಿ ಯಾವ ಲೆಕ್ಕ ತಪ್ಪಿದೆ?

ರಸಾಯನ ಮೇಷ್ಟ್ರು:
ಶೇಕಡಾವನ್ನು ಸ್ವಲ್ಪ ಹೊತ್ತು ಮರೆತು ಕಿಲೋ ಎಣಿಸಿ. ಎಷ್ಟೇ ನೀರು ಸೇರಿಸಿದರೂ ನೀವು ಹಾಕಿದ ಮೈಲುತುತ್ತದ ತೂಕ ಬದಲಾಗುವುದಿಲ್ಲ. ಟ್ಯಾಂಕಿನಲ್ಲಿರುವುದು 1 ಕಿಲೋ, ಒಟ್ಟು ದ್ರಾವಣ 200 ಲೀಟರ್. ಹಾಗಾದರೆ ಸಾರತೆ (ದ್ರಾವಣ ಎಷ್ಟು ಗಟ್ಟಿ ಎಂಬ ಅಳತೆ) ಶೇ 0.5. ಸುಣ್ಣದ್ದೂ ಅಷ್ಟೇ. ಶೇ 1ಕ್ಕೆ ಶೇ 1 ಬೆರೆಸಿದರೆ ಶೇ 1 ಉಳಿಯುವುದು ಎರಡೂ ಕಡೆ ಒಂದೇ ವಸ್ತು ಇದ್ದಾಗ ಮಾತ್ರ. ಇಲ್ಲಿ ಮೈಲುತುತ್ತದ ಪಾಲಿಗೆ ಸುಣ್ಣದ ಡ್ರಮ್ ಬರೀ 100 ಲೀಟರ್ ನೀರು. ಆದ್ದರಿಂದ ಮೈಲುತುತ್ತವನ್ನು 50 ಲೀಟರ್‌ನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಮಾಡಿಕೊಳ್ಳಬೇಕು. ಬೇರೆ ಬೇರೆ ಇದ್ದಾಗ ಶೇ 2, ಕೂಡಿದ ಮೇಲೆ ಶೇ 1.

ಗಟ್ಟಿ ದ್ರಾವಣದ ವಿಷಯ. 2 ಕಿಲೋ ಹರಳು ಕರಗಿದಾಗ ಅದೂ ಜಾಗ ಹಿಡಿಯುತ್ತದೆ. ನಿಮ್ಮ ಕ್ಯಾನಿನಲ್ಲಿ ಸುಮಾರು 10.8 ಲೀಟರ್ ಇರಬೇಕು. ಅಂದರೆ ಅದು ಶೇ 20 ಅಲ್ಲ, ಶೇ 18.6ರ ಆಸುಪಾಸು. ಅದರಿಂದ 10 ಲೀಟರ್ ತೆಗೆದು 200 ಲೀಟರ್ ಮಾಡಿದರೆ ಶೇ 0.93 ಬರುತ್ತದೆ. ತೋಟಕ್ಕೆ ಇದು ದೊಡ್ಡ ವ್ಯತ್ಯಾಸವಲ್ಲ, ಆದರೂ ಸರಿಯಾದ ಕ್ರಮ ತಿಳಿದಿರಲಿ: 8 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ 10 ಲೀಟರ್ ಗೆರೆಯವರೆಗೆ ನೀರು ತುಂಬಿಸಿ. ಸೂತ್ರ ಇಷ್ಟೇ: ಮೊದಲಿನ ಸಾರತೆ × ಮೊದಲಿನ ಪರಿಮಾಣ = ಕೊನೆಯ ಸಾರತೆ × ಕೊನೆಯ ಪರಿಮಾಣ. ಕೊನೆಯ ಪರಿಮಾಣ ಎಂದರೆ ಒಟ್ಟು ದ್ರಾವಣ, ನೀವು ಸೇರಿಸುವ ನೀರಲ್ಲ. ಬಹುತೇಕರು ಜಾರುವುದು ಇಲ್ಲೇ.

ಕತ್ತಿಯ ಕೆಂಪು ಲೇಪ ಮಾತ್ರ ಸಾರತೆಯ ತಪ್ಪಲ್ಲ. ದ್ರಾವಣದಲ್ಲಿ ಸುಣ್ಣದೊಂದಿಗೆ ಕೂಡದ ಬಿಡಿ ತಾಮ್ರ ಉಳಿದಿದೆ; ಕಬ್ಬಿಣ ಕರಗಿ ಆ ತಾಮ್ರ ಕತ್ತಿಯ ಮೇಲೆ ಕೂರುತ್ತಿದೆ. 250 ಗ್ರಾಂ ಮೈಲುತುತ್ತಕ್ಕೆ ಹೆಚ್ಚೆಂದರೆ 74 ಗ್ರಾಂ ಅರಳಿದ ಸುಣ್ಣ ಸಾಕು. 1 ಕಿಲೋಗೆ ಸುಮಾರು 300 ಗ್ರಾಂ. ನೀವು ಅದರ ಮೂರು ಪಟ್ಟಿಗೂ ಹೆಚ್ಚು ಹಾಕಿದ್ದೀರಿ. ಆದರೂ ಸಾಲದೆ ಹೋಗಿದೆ ಎಂದರೆ ಸುಣ್ಣವೇ ಸತ್ತಿದೆ, ಗಾಳಿಯಲ್ಲಿದ್ದು ಸೀಮೆಸುಣ್ಣದ ಜಾತಿಗೆ ಸೇರಿದೆ. ಒಂದು ಚಿಟಿಕೆಗೆ ನಿಂಬೆರಸ ಹಿಂಡಿ ನೋಡಿ. ಜೋರಾಗಿ ನೊರೆ ಬಂದರೆ ಅದು ಕೆಲಸಕ್ಕೆ ಬಾರದ ಸುಣ್ಣ.

ಹೊಸತೋಟ:
ನಿಂಬೆರಸಕ್ಕೆ ಬುಸ್ಸೆಂದು ನೊರೆ ಬಂತು. ಈಗ ಟ್ಯಾಂಕಿನಲ್ಲಿರುವ 200 ಲೀಟರ್‌ಗೆ ಗಟ್ಟಿ ದ್ರಾವಣ ಸೇರಿಸಿ ಶೇ 1ಕ್ಕೆ ಏರಿಸಬಹುದೇ? 1 ಕಿಲೋ ಕೊರತೆ ಇದೆ, ಶೇ 20ರದ್ದು 5 ಲೀಟರ್ ಹಾಕಿದರೆ ಸರಿಹೋಗುವುದಿಲ್ಲವೇ?

ರಸಾಯನ ಮೇಷ್ಟ್ರು:
ಬರೀ ಲೆಕ್ಕವಾದರೆ, ಗಟ್ಟಿ ದ್ರಾವಣ ಸರಿಯಾಗಿ ಶೇ 20 ಎಂದೇ ಹಿಡಿದರೂ 5 ಅಲ್ಲ, 5.26 ಲೀಟರ್. ಸೇರಿಸಿದ ದ್ರಾವಣದಿಂದ ಒಟ್ಟು ಪರಿಮಾಣವೂ ಹೆಚ್ಚುತ್ತದಲ್ಲ: 1 + 0.2 × ಲೀಟರ್ = 0.01 × (200 + ಲೀಟರ್). ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಬಿಡಿ ತಾಮ್ರವಿರುವ ದ್ರಾವಣಕ್ಕೆ ಇನ್ನಷ್ಟು ಮೈಲುತುತ್ತ ಸುರಿದರೆ ಎಳೆಯ ಕಾಯಿ ಸುಟ್ಟೀತು.

ಮಲೆನಾಡ ಕೊನೆಗಾರ:
ಮೇಷ್ಟರ ಮಾತಿಗೆ ನನ್ನದೂ ಸೇರಿಸುತ್ತೇನೆ. ಹೊಸ ಸುಟ್ಟ ಸುಣ್ಣ ತನ್ನಿ, ನೀರು ಹಾಕಿದರೆ ಬಿಸಿಯೇರಿ ಅರಳಬೇಕು. ಆರಲು ಬಿಟ್ಟು ಸೋಸಿ, ಅದ್ದಿದ ಕತ್ತಿಗೆ ಕೆಂಪು ಲೇಪ ಕೂರದಂತಾಗುವವರೆಗೆ ಆ ಸುಣ್ಣದ ಹಾಲನ್ನು ಈ ಟ್ಯಾಂಕಿಗೆ ಸೇರಿಸಿ. ಇದನ್ನು ಅರ್ಧ ಸಾರತೆಯದೆಂದೇ ಎಣಿಸಿ, ಕೊಳೆಗೆ ಇದನ್ನೇ ನಂಬಬೇಡಿ. ಕೆರೆ, ಹಳ್ಳಕ್ಕೆ ಮಾತ್ರ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ಹೊಸದನ್ನು ಬೆರೆಸುವಾಗ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ, ಅಥವಾ ಎರಡನ್ನೂ ಮೂರನೆಯ ಡ್ರಮ್ಮಿಗೆ ಒಟ್ಟಿಗೆ ಬಿಡಿ. ಸುಣ್ಣವನ್ನು ಮೈಲುತುತ್ತಕ್ಕೆ ಹಾಕಿದರೆ ಕಣ ದಪ್ಪವಾಗಿ ನಾಝಲ್ ಕಟ್ಟುತ್ತದೆ. ಡ್ರಮ್ ಪ್ಲಾಸ್ಟಿಕ್‌ನದೇ ಇರಲಿ, ಕಬ್ಬಿಣದ್ದು ಬೇಡ. ಗಟ್ಟಿ ಮೈಲುತುತ್ತದ ದ್ರಾವಣ ಇಟ್ಟರೆ ಕೆಡುವುದಿಲ್ಲ. ಬೆರೆಸಿದ ಬೋರ್ಡೋ ಹಾಗಲ್ಲ, ಅದೇ ದಿನ ಮುಗಿಸಬೇಕು. ನಿಂತರೆ ತಳ ಹಿಡಿದು ಕಾಯಿಗೆ ಅಂಟುವ ಗುಣ ಕಳೆದುಕೊಳ್ಳುತ್ತದೆ.

ಹೊಸತೋಟ:
ಕೊನೆಯದಾಗಿ ಒಂದು. ಪಕ್ಕದವರು ಈಗಷ್ಟೇ ಬೆರೆಸಿದ ಶೇ 1ರದ್ದು 60 ಲೀಟರ್ ಕೊಡುತ್ತೇನೆ ಎನ್ನುತ್ತಾರೆ. ಅದಕ್ಕೆ ನನ್ನ ಶೇ 0.5ರದ್ದು 40 ಲೀಟರ್ ಸೇರಿಸಿದರೆ ಎಷ್ಟಾಗುತ್ತದೆ? ಸರಾಸರಿ 0.75?

ರಸಾಯನ ಮೇಷ್ಟ್ರು:
ಮತ್ತೆ ಶೇಕಡಾಕ್ಕೆ ಜಾರಿದಿರಿ! ಅವರದರಲ್ಲಿ 0.6 ಕಿಲೋ, ನಿಮ್ಮದರಲ್ಲಿ 0.2 ಕಿಲೋ. ಒಟ್ಟು 0.8 ಕಿಲೋ, 100 ಲೀಟರ್‌ಗೆ. ಶೇ 0.8. ಎರಡೂ ಸಮಪಾಲು ಇದ್ದರೆ ಮಾತ್ರ 0.75 ಆಗುತ್ತಿತ್ತು. ಆ 60 ಲೀಟರ್ ಅನ್ನು ಬೆರೆಸದೆ ಹಾಗೆಯೇ ಹೊಡೆಯಿರಿ.