ರಾಸ್ಪಿ-ಕಾನ್ಫಿಗ್‌ನಲ್ಲಿ ಎಂಟರ್ ಒತ್ತಿದರೂ ಕನ್ನಡ ಆಯ್ಕೆ ಆಗ್ತಿಲ್ಲ, ಮೌಸ್ ಇಲ್ಲ

ಇಂಡಿ ಟೀಚರ್:
ಎಲ್ಲರಿಗೂ ನಮಸ್ಕಾರ. ಇಂಡಿ ತಾಲೂಕಿನ ಹಳ್ಳಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಂಗಳದ ಲಿಂಬೆ ಗಿಡದ ಹತ್ತಿರ ಸೆನ್ಸರ್ ಇಟ್ಟಿದ್ದೇವೆ. ಅಲ್ಲಿನ ಉಷ್ಣಾಂಶ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತದೆ, ಮಕ್ಕಳು ಅದನ್ನು ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಮೊನ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಮಧ್ಯಾಹ್ನ ಎರಡರ ಬಿಸಿಲು ಇದರಲ್ಲಿ ಬೆಳಿಗ್ಗೆ 8:30ಕ್ಕೆ ಯಾಕೆ ಬಂದಿದೆ?" ನೋಡಿದರೆ ಗಡಿಯಾರ ಐದೂವರೆ ತಾಸು ಹಿಂದಿದೆ.

ಡೆಸ್ಕ್‌ಟಾಪ್ ಹಾಕಿಲ್ಲ. ಕಪ್ಪು ಪರದೆ, ಕೀಬೋರ್ಡ್ ಅಷ್ಟೇ. ಸುಡೋ ರಾಸ್ಪಿ-ಕಾನ್ಫಿಗ್ ಅಂತ ಹೊಡೆದರೆ ಪೈನ ಸೆಟ್ಟಿಂಗ್‌ಗಳ ಮೆನು ಬರುತ್ತದೆ. ಬಾಣದ ಕೀಲಿಯಿಂದ ಮೇಲೆ ಕೆಳಗೆ ಓಡಾಡಬಹುದು. ಕೆಳಗಿನ ಓಕೆ, ಫಿನಿಶ್‌ಗೆ ಇಳಿಯುವುದು ಹೇಗೆ? ಇನ್ನೊಂದು, ಲೊಕೇಲ್ (ಭಾಷೆ, ದೇಶದ ಸೆಟ್ಟಿಂಗ್) ಪಟ್ಟಿಯಲ್ಲಿ ಕನ್ನಡದ ಮೇಲೆ ನಿಂತು ಎಂಟರ್ ಒತ್ತಿದರೆ ಮುಂದಿನ ಪರದೆಗೆ ಹಾರುತ್ತದೆ. ಅಲ್ಲಿ ಕನ್ನಡವೇ ಇರುವುದಿಲ್ಲ. ಮೂರು ಸಲ ಮಾಡಿದೆ.

ಟಿಳಕವಾಡಿ, ಬೆಳಗಾವಿ:
ಸರ್, ನಾನು ದಿನಾ ಇಂಥ ಪರದೆಯಲ್ಲೇ ಕೆಲಸ ಮಾಡುವವಳು. ಮೊದಲು ಕೆಂಪು ಬಣ್ಣ ಎಲ್ಲಿದೆ ನೋಡಿ. ಕೆಂಪು ಇದ್ದ ಕಡೆ ನೀವಿದ್ದೀರಿ. ಪಟ್ಟಿಯಿಂದ ಓಕೆಗೆ ಇಳಿಸಲು ಟ್ಯಾಬ್. ಒಂದು ಪರದೆ ಹಿಂದೆ ಬರಲು ಎಸ್ಕೇಪ್.

ಲೊಕೇಲ್ ಪಟ್ಟಿಯ ಪ್ರತಿ ಸಾಲಿನ ಮುಂದೆ ಚೌಕದ ಕಂಸ ಇದೆ ಅಲ್ವಾ? ಅದರಲ್ಲಿ ನಕ್ಷತ್ರ ಮೂಡಿಸುವುದು ಸ್ಪೇಸ್. ಎಂಟರ್ ಅಂದರೆ "ಆಯಿತು, ಮುಂದೆ ನಡಿ" ಅಂತ. ನೀವು ನಕ್ಷತ್ರ ಹಾಕದೆಯೇ ಮುಂದೆ ಹೋಗಿದ್ದೀರಿ, ಅದಕ್ಕೇ ಕನ್ನಡ ಬಂದಿಲ್ಲ. ಪಟ್ಟಿ ಬಹಳ ಉದ್ದ, ಪೇಜ್ ಡೌನ್ ಒತ್ತುತ್ತಾ ಹೋಗಿ. ಕೆಎನ್_ಐಎನ್ (ಕನ್ನಡ, ಭಾರತ) ಸಿಕ್ಕ ಕೂಡಲೇ ಸ್ಪೇಸ್. ಇಎನ್_ಐಎನ್‌ಗೂ (ಇಂಗ್ಲಿಷ್, ಭಾರತ) ಒಂದು ಸ್ಪೇಸ್. ತಪ್ಪಿ ಬೇರೆಯದಕ್ಕೆ ಬಿದ್ದರೆ ಮತ್ತೆ ಸ್ಪೇಸ್ ಒತ್ತಿ, ನಕ್ಷತ್ರ ಹೋಗುತ್ತದೆ. ಆಮೇಲೆ ಟ್ಯಾಬ್, ಎಂಟರ್.

ಮುಂದಿನ ಪರದೆ ಡಿಫಾಲ್ಟ್ ಯಾವುದು ಅಂತ ಕೇಳುತ್ತದೆ. ಅಲ್ಲಿ ದಯವಿಟ್ಟು ಇಎನ್_ಐಎನ್ ಇಡಿ. ಆ ಕಪ್ಪು ಪರದೆಯ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರ ಹಿಡಿಯುತ್ತವೆ. ನಮ್ಮ ಒತ್ತಕ್ಷರ ಅದರಲ್ಲಿ ಮೂಡುವುದಿಲ್ಲ. ನಾಳೆ ಡೆಸ್ಕ್‌ಟಾಪ್ ಹಾಕಿದಾಗ ಕನ್ನಡ ಕೆಲಸಕ್ಕೆ ಬರುತ್ತದೆ.

ಗಡಿಯಾರಕ್ಕೆ ಲೊಕೇಲ್ ಬೇಡ. ಅದೇ ಲೋಕಲೈಸೇಶನ್ ಮೆನುವಿನಲ್ಲಿ ಟೈಮ್‌ಝೋನ್ ಇದೆ. ಪೈ ಮೊದಲಿಗೆ ಲಂಡನ್ ಸಮಯದಲ್ಲಿರುತ್ತದೆ. ಈಗ ಡಿಸೆಂಬರ್, ಹಾಗಾಗಿ ಐದೂವರೆ ತಾಸು. ಜೂನ್‌ನಲ್ಲಾಗಿದ್ದರೆ ನಾಲ್ಕೂವರೆ ತಾಸು ತೋರಿಸುತ್ತಿತ್ತು. ಏಷ್ಯಾ ಆರಿಸಿ, ಒಳಗೆ ಕೆ ಅಕ್ಷರ ಒತ್ತುತ್ತಾ ಹೋದರೆ ಕಾಬೂಲ್, ಕರಾಚಿ, ಕಾಠ್ಮಂಡು ದಾಟಿ ಕೋಲ್ಕತಾ ಬರುತ್ತದೆ. ಇಡೀ ದೇಶಕ್ಕೆ ಅದೊಂದೇ. ಇಲ್ಲಿ ನಕ್ಷತ್ರ ಇಲ್ಲ, ನೇರ ಎಂಟರ್.

ನವನಗರ, ಬಾಗಲಕೋಟೆ:
ಸರ್, ಅಲ್ಲೇ ಕೀಬೋರ್ಡ್ ಅಂತಲೂ ಇದೆ. ಶಿಫ್ಟ್ 2 ಒತ್ತಿದರೆ @ ಬದಲು ಉದ್ಧರಣ ಚಿಹ್ನೆ ಬರ್ತಿದೆಯಾ? ಹಾಗಿದ್ದರೆ ಅದೂ ಬ್ರಿಟನ್ ಲೇಔಟ್‌ನಲ್ಲಿದೆ, ಯುಎಸ್‌ಗೆ ಬದಲಿಸಿ. ನಾನು ಇದು ಗೊತ್ತಿಲ್ಲದೆ ಒಂದು ಸಂಜೆ ಪೂರ್ತಿ ಪಾಸ್‌ವರ್ಡ್ ತಪ್ಪು ಅಂತಲೇ ತಿಳಿದಿದ್ದೆ.

ಇಂಡಿ ಟೀಚರ್:
ಮೇಡಂ, ಆಯಿತು! ಇವತ್ತು ಪ್ರಶ್ನೆ ಕೇಳಿದ ಹುಡುಗಿಯನ್ನೇ ಕೀಬೋರ್ಡ್ ಮುಂದೆ ಕೂರಿಸಿದೆ. ಸ್ಪೇಸ್ ಒತ್ತಿದಳು, ಕಂಸದೊಳಗೆ ನಕ್ಷತ್ರ ಬಂತು, ಹಿಂದೆ ನಿಂತವರೆಲ್ಲ "ಬಂತು, ಬಂತು" ಅಂತ ಕೂಗಿದರು. ಕೋಲ್ಕತಾ ಕೂಡ ಅವಳೇ ಹುಡುಕಿದಳು. ಬಾಗಲಕೋಟೆಯವರೇ, ನೀವು ಹೇಳಿದ್ದು ಸರಿ, @ ಕೂಡ ಸರಿಹೋಯಿತು. ಈಗ ಮಕ್ಕಳು ವಹಿ ತೆಗೆದು ಹಳೆಯ ದಾಖಲೆಗಳಿಗೆಲ್ಲ ಐದೂವರೆ ತಾಸು ಕೂಡಿಸುತ್ತಾ ಕೂತಿದ್ದಾರೆ.