ಐದು ಜನಕ್ಕೆ ಒಂದೇ ಬಿಲ್ಡ್ ಸರ್ವರ್: ರಿಲೀಸ್ ಕೆಟ್ಟ ಮೇಲೆ ಕೇಳುತ್ತಿದ್ದೇನೆ

ಕೋಥ್ರೂಡ್_ವಿಜಯಪುರ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ, ಊರು ವಿಜಯಪುರ. ಹಗಲು ಹಿಂಜವಡಿಯಲ್ಲಿ ಕೆಲಸ. ರಾತ್ರಿ ಮತ್ತು ಭಾನುವಾರ ನಾವು ಐದು ಜನ ಸೇರಿ ಒಂದು ಚಿಕ್ಕ ಓಪನ್ ಸೋರ್ಸ್ ಪ್ರೋಗ್ರಾಂ ನೋಡಿಕೊಳ್ಳುತ್ತೇವೆ. ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಫೈಲ್‌ಗಳನ್ನು ಯೂನಿಕೋಡ್‌ಗೆ ತರುವುದು ಅದರ ಕೆಲಸ. ಆ ಫಾಂಟ್ ಇಲ್ಲದ ಕಡೆ ಅಂಥ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ, ನೋಡಿರುತ್ತೀರಿ. ಸಂಘದ ಹಳೇ ಸ್ಮರಣ ಸಂಚಿಕೆಗಳು, ಡಿಟಿಪಿ ಅಂಗಡಿಯವರು ಸಿಡಿಯಲ್ಲಿ ಇಟ್ಟುಕೊಂಡ ಪುಸ್ತಕಗಳು, ಇಂಥವನ್ನು ಉಳಿಸಿಕೊಳ್ಳಲು ಜನ ಇದನ್ನು ಬಳಸುತ್ತಾರೆ. ಅದಕ್ಕೇ ನನಗೆ ಇದು ಸುಮ್ನೆ ಹವ್ಯಾಸ ಅಲ್ಲ.

ಬಿಲ್ಡ್ ಮಾಡಲು, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟಲು, ಕ್ಲೌಡ್‌ನಲ್ಲಿ ಒಂದು ಸರ್ವರ್ ಬಾಡಿಗೆಗೆ ತಗೊಂಡಿದ್ದೇವೆ, ಮುಂಬೈ ರೀಜನ್. ನಾಲ್ಕು ಕೋರ್, 16 ಜಿಬಿ ರ‍್ಯಾಮ್. ಇಪ್ಪತ್ನಾಲ್ಕು ಗಂಟೆ ಆನ್. ತಿಂಗಳಿಗೆ ಹತ್ತಿರ ಹತ್ತಿರ 11 ಸಾವಿರ ಬರುತ್ತದೆ, ಐದು ಜನ ಹಂಚಿಕೊಳ್ಳುತ್ತೇವೆ. ಲಾಗಿನ್ ಮಾತ್ರ ಒಂದೇ, "ಬಿಲ್ಡ್" ಅಂತ. ಕೀಲಿಯೂ ಒಂದೇ.

ಹೋದ ಶನಿವಾರ ರಾತ್ರಿ ಹೊಸ ರಿಲೀಸ್ ಮಾಡಿದೆವು. ಟೆಸ್ಟ್ ಎಲ್ಲ ಹಸಿರು. ಹನ್ನೊಂದೂವರೆಗೆ ಡೌನ್‌ಲೋಡ್ ಲಿಂಕ್ ಹಾಕಿ ಮಲಗಿದೆ. ಭಾನುವಾರ ಬೆಳಗ್ಗೆ ಏಳೂವರೆಗೆ ಸೊಲ್ಲಾಪುರದಿಂದ ಫೋನ್. ನಿವೃತ್ತ ಮಾಸ್ತರರೊಬ್ಬರು, ತಾವೇ ನಡೆಸುತ್ತಿದ್ದ ಪತ್ರಿಕೆಯ ಹಳೇ ಸಂಚಿಕೆಗಳನ್ನು ಒಂದೊಂದಾಗಿ ಬದಲಾಯಿಸುತ್ತಿದ್ದಾರೆ. "ತಂಗೀ, ನಿನ್ನ ಹೊಸಾದು ತೆರೀವಲ್ದು" ಅಂದರು. ಮೊಮ್ಮಗ ಪರದೆಯ ಫೋಟೊ ಕಳಿಸಿದ. ಜಿಲಿಬ್‌ಸಿ 2.38 ಸಿಗಲಿಲ್ಲ ಅಂತ ಒಂದೇ ಸಾಲು. ಜಿಲಿಬ್‌ಸಿ ಅಂದರೆ ಲಿನಕ್ಸ್‌ನಲ್ಲಿ ಹೆಚ್ಚಿನ ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಮೂಲ ಲೈಬ್ರರಿ. ಅವರದು ಉಬುಂಟು ಲಿನಕ್ಸ್‌ನ 22.04 ಆವೃತ್ತಿ.

ರಿಲೀಸ್ ವಾಪಸ್ ತೆಗೆದು ಸರ್ವರ್ ಒಳಗೆ ಹೋಗಿ ನೋಡಿದೆ. ಹತ್ತು ದಿನದ ಹಿಂದೆ ಯಾರೋ ಅದನ್ನು ಉಬುಂಟು 24.04ಕ್ಕೆ ಏರಿಸಿದ್ದಾರೆ. ಯಾರು ಅಂತ ಗೊತ್ತಾಗುವುದೇ ಇಲ್ಲ, ಲಾಗಿನ್ ಒಂದೇ ಅಲ್ವಾ. ಹಿಸ್ಟರಿ ಫೈಲ್‌ನಲ್ಲಿ ಐದೂ ಜನರ ಕಮಾಂಡ್ ಬೆರೆತು ಹೋಗಿವೆ. ಡಿಸ್ಕ್ 97 ಪರ್ಸೆಂಟ್ ತುಂಬಿದೆ. ಒಂದು ಟೆಸ್ಟ್ ಸಿಕ್ಕಿಹಾಕಿಕೊಂಡು ಹನ್ನೆರಡು ದಿನದಿಂದ ನಾಲ್ಕೂ ಕೋರ್ ತಿನ್ನುತ್ತಾ ಕೂತಿದೆ. ಬಿಲ್ 14 ಸಾವಿರ ದಾಟಿದೆ. ಇಷ್ಟೆಲ್ಲ ನೋಡಿ ಕೊನೆಗೆ ಹೋಮ್ ಫೋಲ್ಡರ್‌ನಲ್ಲಿ ನಮ್ಮ ರಿಲೀಸ್ ಸಹಿಯ ಜಿಪಿಜಿ ಕೀ ಕಂಡಿತು, ಡೌನ್‌ಲೋಡ್ ನಮ್ಮದೇ ಅಂತ ತೋರಿಸುವ ಡಿಜಿಟಲ್ ಕೀಲಿ. ಪಾಸ್‌ವರ್ಡ್ ಇಲ್ಲದೆ, ಹಾಗೇ. ಆಗ ಕೈ ತಣ್ಣಗಾಯಿತು.

ಯಾರ ಮೇಲೂ ಸಿಟ್ಟಿಲ್ಲ. ಏರಿಸಿದವರು ಗುಂಪಿನಲ್ಲಿ ತಾವೇ ಹೇಳಿದರು, ಹೊಸ ಕಂಪೈಲರ್ ಬೇಕಿತ್ತಂತೆ. ಇದನ್ನು ಸರಿ ಮಾಡುವುದು ಎಲ್ಲಿಂದ ಶುರು ಮಾಡಲಿ? ಇಂಥ ಸಣ್ಣ ಗುಂಪು ನಡೆಸಿದವರು ದಯವಿಟ್ಟು ಹೇಳಿ.

ಚಿಂಚ್ವಡ_ರಾತ್ರಿಪಾಳಿ · ಸೋಮವಾರ ರಾತ್ರಿ 11:55

ಅಕ್ಕಾ, ಜಿಲಿಬ್‌ಸಿ ವಿಷಯ ಮೊದಲು ಹೇಳುತ್ತೇನೆ, ಅದು ಒಂದು ಸಂಜೆಯ ಕೆಲಸ.

ಹಳೇ ಜಿಲಿಬ್‌ಸಿ ಮೇಲೆ ಕಟ್ಟಿದ ಪ್ರೋಗ್ರಾಂ ಹೊಸದರ ಮೇಲೆ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೇದರ ಮೇಲೆ ಓಡುವ ಖಾತ್ರಿ ಇಲ್ಲ. 22.04ರಲ್ಲಿ ಇರುವುದು 2.35, 24.04ರಲ್ಲಿ 2.39. ನಿಮ್ಮ ಕೋಡ್ ಒಂದು ಸಾಲೂ ಬದಲಾಗದೆ 2.38 ಯಾಕೆ ಕೇಳಿತು ಅಂದರೆ, ಆ ಆವೃತ್ತಿಯಿಂದ ಅಕ್ಷರವನ್ನು ಅಂಕಿ ಮಾಡುವ ಸ್ಟ್ರ್‌ಟಾಲ್ ಥರದ ಫಂಕ್ಷನ್‌ಗಳಿಗೆ ಸಿ ಭಾಷೆಯ ಹೊಸ ನಿಯಮ ಸಿ23 ಪ್ರಕಾರ ಹೊಸ ಒಳಹೆಸರು ಬಂತು. ಸಿ++ ಕಂಪೈಲರ್ ಜಿ++ ಬಳಸಿದರೆ ಹೆಡರ್ ತಾನೇ ಆ ಹೊಸ ಹೆಸರಿಗೆ ತಿರುಗಿಸುತ್ತದೆ. ನಿಮ್ಮದು ಸಿ++ ಇರಬೇಕು.

ರಿಲೀಸ್ ಬಿಲ್ಡ್ ಅನ್ನು ಸರ್ವರ್‌ನ ಓಎಸ್ ಮೇಲೆ ಮಾಡಲೇಬೇಡಿ. ನೀವು ಕೈಬಿಡಲು ತಯಾರಿಲ್ಲದ ಅತಿ ಹಳೇ ಉಬುಂಟು ಯಾವುದೋ, ಅದರ ಕಂಟೇನರ್ (ಓಎಸ್‌ನ ಫೈಲ್‌ಗಳನ್ನೆಲ್ಲ ಕಟ್ಟಿಟ್ಟ ಬೇರೆ ಡಬ್ಬಿ) ಒಳಗೆ ಮಾಡಿ. ಪೈಥಾನ್‌ನವರು ಮಾಡುವುದೂ ಇದನ್ನೇ. ಅವರ ಮೆನಿಲಿನಕ್ಸ್2014 ಇಮೇಜ್ (ಕಂಟೇನರ್‌ನ ಅಚ್ಚು) ಸೆಂಟ್‌ಓಎಸ್ 7 ಅನ್ನುವ ಹಳೇ ಲಿನಕ್ಸ್ ಮೇಲೆ ನಿಂತಿದೆ, ಜಿಲಿಬ್‌ಸಿ 2.17. ಹೊಸ ಕಂಪೈಲರ್ ಬೇಕಾದವರು ತಮ್ಮ ಕೆಲಸಕ್ಕೆ 24.04ರ ಕಂಟೇನರ್ ಇಟ್ಟುಕೊಳ್ಳಲಿ. ಇಮೇಜ್ ಅನ್ನು ಟ್ಯಾಗ್ ಹೆಸರಿನಿಂದ ಕರೆಯಬೇಡಿ, ಡೈಜೆಸ್ಟ್, ಅಂದರೆ ಅದರೊಳಗಿನದರ ಬೆರಳಚ್ಚು, ಬರೆಯಿರಿ. ಟ್ಯಾಗ್ ನಾಳೆ ಬೇರೆ ಕಡೆ ಕೈ ತೋರಿಸಬಹುದು.

ಇನ್ನೊಂದು ಮಾತು. ಸ್ಕ್ರಿಪ್ಟ್‌ನ ಕೊನೆಗೆ ಬೈನರಿಯ ಒಳಗನ್ನು ತೋರಿಸುವ ಆಬ್ಜ್‌ಡಂಪ್ ಓಡಿಸಿ, ಆ ಬೈನರಿ (ಕಟ್ಟಿ ಮುಗಿದ ಪ್ರೋಗ್ರಾಂ ಫೈಲ್) ಕೇಳುವ ಅತಿ ದೊಡ್ಡ ಜಿಲಿಬ್‌ಸಿ ಆವೃತ್ತಿ ಹುಡುಕಿ, 2.35 ದಾಟಿದರೆ ಬಿಲ್ಡ್ ಅಲ್ಲೇ ನಿಲ್ಲಬೇಕು. ಸಿ++ ಲೈಬ್ರರಿಗೂ ಇದೇ ತಪಾಸಣೆ ಹಾಕಿ. ನಿಮ್ಮ ಟೆಸ್ಟ್ ಹಸಿರು ಬಂದದ್ದು ಕಟ್ಟಿದ ಯಂತ್ರದಲ್ಲೇ ಓಡಿಸಿದ್ದರಿಂದ.

ಮಡಗಾಂವ್_ಮಳೆ · ಮಂಗಳವಾರ ಬೆಳಗ್ಗೆ 6:20

ರಾತ್ರಿ ಓದಿದೆ, ನಿದ್ದೆ ಬರಲಿಲ್ಲ. ಒಂದು ಪ್ರಶ್ನೆಗೆ ಮೊದಲು ಉತ್ತರ ಬೇಕು. ಹೊರಗಿನವರು ಕಳಿಸುವ ಪುಲ್ ರಿಕ್ವೆಸ್ಟ್‌ಗಳ (ಕೋಡ್ ಬದಲಾವಣೆಗಳ) ಟೆಸ್ಟ್ ಓಡುವುದೂ ಇದೇ ಸರ್ವರ್‌ನಲ್ಲಾ?

ಕೋಥ್ರೂಡ್_ವಿಜಯಪುರ · ಮಂಗಳವಾರ ಬೆಳಗ್ಗೆ 8:05

ಹೌದು. ಅದೇ ಲಾಗಿನ್‌ನಲ್ಲಿ. ಬಂದ ತಕ್ಷಣ ತಾನಾಗಿಯೇ ಓಡುತ್ತದೆ.

ಮಡಗಾಂವ್_ಮಳೆ · ಮಂಗಳವಾರ ಬೆಳಗ್ಗೆ 9:10

ಹಾಗಾದರೆ ಆ ಕೀ ಹೋಯಿತು ಅಂತಲೇ ತಿಳಿಯಿರಿ. ಯಾರೂ ಕದ್ದಿಲ್ಲದೆ ಇರಬಹುದು. ಆದರೆ ಕದ್ದಿಲ್ಲ ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇಲ್ಲ. ಇವತ್ತೇ ರಿವೋಕ್ (ರದ್ದು) ಮಾಡಿ, ಬಳಕೆದಾರರಿಗೆ ತಿಳಿಸಿ.

ಪುಲ್ ರಿಕ್ವೆಸ್ಟ್ ಅಂದರೆ ಪರಿಚಯವಿಲ್ಲದವರ ಕೋಡ್ ನಿಮ್ಮ ಯಂತ್ರದಲ್ಲಿ ಓಡುವುದು. ಟೆಸ್ಟ್ ಫೈಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಹೋಮ್ ಫೋಲ್ಡರ್ ಪೂರ್ತಿ ಓದಬಹುದು. ಕ್ಲೌಡ್‌ನಲ್ಲಿ ಇನ್ನೂ ಒಂದು ಬಾಗಿಲಿದೆ. ಯಂತ್ರದ ಒಳಗಿನಿಂದ 169.254.169.254 ವಿಳಾಸ ಕೇಳಿದರೆ ಆ ಯಂತ್ರಕ್ಕೆ ಕೊಟ್ಟಿರುವ ಖಾತೆಯ ಅನುಮತಿಗಳೂ ಸಿಗಬಹುದು. ಕೋಡ್ ಇಡುವ ತಾಣ ಗಿಟ್‌ಹಬ್‌ನ ದಾಖಲೆಯಲ್ಲೇ ಬರೆದಿದೆ, ಸ್ವಂತ ಯಂತ್ರದ ರನ್ನರ್‌ಗಳನ್ನು (ಟೆಸ್ಟ್, ಬಿಲ್ಡ್ ಓಡಿಸುವವು) ಪ್ರೈವೇಟ್ ರಿಪೋಗಳಿಗೆ (ಕೋಡ್ ಭಂಡಾರಗಳಿಗೆ) ಮಾತ್ರ ಇಟ್ಟುಕೊಳ್ಳಿ ಅಂತ. ಕಾರಣ ಇದೇ.

ನನ್ನ ಪ್ರಕಾರ ನಿಮ್ಮ ತೊಂದರೆಯ ಬೇರು ಐದು ಜನ ಹಂಚಿಕೊಂಡದ್ದರಲ್ಲಿ ಇಲ್ಲ. ದಿನದ ಕೆಲಸ, ಹೊರಗಿನವರ ಕೋಡ್, ರಿಲೀಸ್, ಸಹಿ, ನಾಲ್ಕೂ ಒಂದೇ ಕೋಣೆಯಲ್ಲಿ ಆಗುತ್ತಿವೆ. ರಿಲೀಸ್ ಮಾಡುವ ಯಂತ್ರ ಯಾರ ಮನೆಯೂ ಆಗಬಾರದು. ರಿಲೀಸ್ ದಿನ ಸ್ಕ್ರಿಪ್ಟ್ ಅದನ್ನು ಹೊಸದಾಗಿ ಹುಟ್ಟಿಸಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಕೈಯಾರೆ ಲಾಗಿನ್ ಆಗುವವರು ಯಾರೂ ಬೇಡ. ಆಗ ಯಾರೋ ಏರಿಸಿಬಿಟ್ಟರು ಅನ್ನುವ ಮಾತೇ ಬರುವುದಿಲ್ಲ, ಏರಿಸಬೇಕಾದರೆ ರಿಪೋದಲ್ಲಿ ಒಂದು ಸಾಲು ಬದಲಾಯಿಸಬೇಕು. ಆ ಸಾಲಿನಲ್ಲಿ ಹೆಸರು ಇರುತ್ತದೆ.

ಇಷ್ಟು ಮಾಡಿದ ಮೇಲೂ ಆ ಯಂತ್ರ ಕೊಟ್ಟದ್ದನ್ನು ಹಾಗೇ ನಂಬಬೇಡಿ. 2024ರ ಎಕ್ಸ್‌ಝಡ್ ಪ್ರಕರಣ ನೆನಪಿದೆಯಲ್ಲ, ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸುವ ಸಾಧನದ್ದು. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. ಅದಕ್ಕೆ ಚಾಲನೆ ಕೊಡುವ ಒಂದು ಎಂ4 ಫೈಲ್ (ಬಿಲ್ಡ್‌ನ ಸ್ಕ್ರಿಪ್ಟ್) ರಿಲೀಸ್ ಟಾರ್‌ಬಾಲ್‌ನಲ್ಲಿ (ಹಂಚುವ ಸೋರ್ಸ್ ಕಟ್ಟಿನಲ್ಲಿ) ಮಾತ್ರ ಇತ್ತು, ಎಲ್ಲರೂ ಓದುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಗಿಟ್ ಓದುತ್ತಾ ಕೂತವರಿಗೆ ಅದು ಕಾಣುತ್ತಿರಲಿಲ್ಲ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅಂತ ಎಂಜಿನಿಯರ್ ಆಂಡ್ರೆಸ್ ಫ್ರೆಯುಂಡ್ ಬೆನ್ನು ಹತ್ತಿದ್ದರಿಂದ ಮಾರ್ಚ್ 29ಕ್ಕೆ ಹೊರಗೆ ಬಂತು.

ಅದಕ್ಕೇ ನಾವು ಎರಡು ಕಡೆ ಕಟ್ಟುತ್ತೇವೆ. ಒಬ್ಬರು ಕ್ಲೌಡ್‌ನಲ್ಲಿ, ಇನ್ನೊಬ್ಬರು ಮನೆಯ ಲ್ಯಾಪ್‌ಟಾಪ್‌ನಲ್ಲಿ, ಗಿಟ್‌ನ ಒಂದೇ ಟ್ಯಾಗ್‌ನಿಂದ (ಆವೃತ್ತಿಯ ಗುರುತು), ಒಂದೇ ಕಂಟೇನರ್‌ನಲ್ಲಿ. ಎರಡರ ಎಸ್‌ಎಚ್‌ಎ256 ಚೆಕ್‌ಸಮ್ (ಫೈಲ್‌ನ ಬೆರಳಚ್ಚು) ಒಂದೇ ಬಂದರೆ ಮಾತ್ರ ಸಹಿ. ಮೊದಲ ಸಲ ಬರುವುದಿಲ್ಲ, ಹೆದರಬೇಡಿ. ಡಿಫೋಸ್ಕೋಪ್ ಓಡಿಸಿದರೆ ಎಲ್ಲಿ ಬೇರೆ ಅಂತ ತೋರಿಸುತ್ತದೆ. ಹೆಚ್ಚಾಗಿ ತಾರೀಖು ಅಥವಾ ಫೋಲ್ಡರ್ ಹೆಸರು ಇರುತ್ತದೆ. ಓಪನ್ ಸೋರ್ಸ್ ಸಂಸ್ಥೆ ಅಪಾಚೆ ಫೌಂಡೇಶನ್‌ನಲ್ಲಿ ರಿಲೀಸ್‌ಗೆ ಕನಿಷ್ಠ ಮೂರು ಒಪ್ಪಿಗೆ ವೋಟ್ ಬೇಕು. ವೋಟ್ ಹಾಕುವವರು ಸೋರ್ಸ್ ಅನ್ನು ತಮ್ಮದೇ ಯಂತ್ರಕ್ಕೆ ಇಳಿಸಿ, ಕಟ್ಟಿ, ಓಡಿಸಿ ನೋಡಿರಬೇಕು. ನೀವು ಐದು ಜನ, ಇಬ್ಬರು ಒಪ್ಪಿದರೂ ಆದೀತು.

ಹೊಸ ಕೀ ಮಾಡುವಾಗ ಮುಖ್ಯ ಕೀ ಪೆನ್‌ಡ್ರೈವ್‌ನಲ್ಲಿ ಇರಲಿ, ನೆಟ್‌ಗೆ ಸೇರಿಸಬೇಡಿ. ದಿನದ ಸಹಿಗೆ ಅದರ ಕೆಳಗಿನ ಒಂದು ಸಬ್‌ಕೀ, ಅದೂ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ, ಪಾಸ್‌ವರ್ಡ್ ಇಟ್ಟು. ಬಿಲ್ಡ್ ಯಂತ್ರಕ್ಕೆ ಸಹಿಯ ಕೀ ಯಾವತ್ತೂ ಬೇಡ.

ಡೊಂಬಿವಲಿ_ಫಾಸ್ಟ್ · ಮಂಗಳವಾರ ರಾತ್ರಿ 9:30

ಲೋಕಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ, ದುಡ್ಡಿನ ಮಾತಷ್ಟೇ.

ನಿಮ್ಮದು ಬರ್ಸ್ಟ್ ಆಗುವ ಬಗೆಯ ಯಂತ್ರವಾ (ಆಗಾಗ ಮಾತ್ರ ಪೂರ್ತಿ ಓಡಿಸಲೆಂದು ಕೊಡುವಂಥದ್ದು) ನೋಡಿ. ಉದಾಹರಣೆಗೆ ಅಮೆಜಾನ್‌ನ ಟಿ3 ಎಕ್ಸ್‌ಲಾರ್ಜ್‌ನಲ್ಲಿ ನಾಲ್ಕು ಕೋರ್ ಇದ್ದರೂ ಬಾಡಿಗೆಯಲ್ಲಿ ಸೇರಿದ್ದು ಪ್ರತಿ ಕೋರ್‌ನ 40 ಪರ್ಸೆಂಟ್ ಮಾತ್ರ. ಅದಕ್ಕಿಂತ ಜಾಸ್ತಿ ಓಡಿಸಿದರೆ ಕೂಡಿಟ್ಟ ಕ್ರೆಡಿಟ್ ಖರ್ಚಾಗುತ್ತದೆ. ಅದು ಮುಗಿದರೂ ಯಂತ್ರ ನಿಧಾನ ಆಗುವುದಿಲ್ಲ. ಟಿ3 ಶುರುವಿನಿಂದಲೇ ಅನ್‌ಲಿಮಿಟೆಡ್ ಮೋಡ್‌ನಲ್ಲಿ ಇರುತ್ತದೆ, ಹೆಚ್ಚಾದ ಪ್ರತಿ ಕೋರ್-ಗಂಟೆಗೆ 5 ಸೆಂಟ್ ಲೆಕ್ಕ. ಹನ್ನೆರಡು ದಿನ ನಾಲ್ಕೂ ಕೋರ್ ಉರಿದರೆ 34 ಡಾಲರ್ ಹತ್ತಿರ. ನಿಮ್ಮ ಬಿಲ್‌ನಲ್ಲಿ ಹೆಚ್ಚಾದ ಆ 3 ಸಾವಿರಕ್ಕೆ ತಾಳೆ ಆಗುತ್ತದೆ. ಪ್ರತಿ ಬಿಲ್ಡ್‌ಗೂ ಸಮಯದ ಮಿತಿ ಹಾಕಿ, ಬಜೆಟ್ ಅಲಾರ್ಮ್ ಐದೂ ಜನರ ಮೇಲ್‌ಗೆ ಹೋಗಲಿ. ಯಂತ್ರ ಆಫ್ ಮಾಡಿದರೂ ಡಿಸ್ಕ್‌ನ ಬಾಡಿಗೆ ನಡೆಯುತ್ತಲೇ ಇರುತ್ತದೆ, ಅದನ್ನೂ ಅಳಿಸಬೇಕು.

ಆದರೆ ಸರ್ವರ್ ಬೇಕೇ ಬೇಕಾ? ನಿಮ್ಮ ರಿಪೋ ಪಬ್ಲಿಕ್. ಪಬ್ಲಿಕ್ ರಿಪೋಗೆ ಗಿಟ್‌ಹಬ್‌ನ ಸಾಮಾನ್ಯ ರನ್ನರ್‌ಗಳು ಪುಕ್ಕಟೆ. ನಾಲ್ಕು ಕೋರ್, 16 ಜಿಬಿ, ನಿಮ್ಮದರಷ್ಟೇ. ಪ್ರತಿ ಕೆಲಸಕ್ಕೂ ಹೊಸ ಯಂತ್ರ. ಆರ್ಮ್ ಪ್ರೊಸೆಸರ್‌ನ ಯಂತ್ರವೂ ಇದೆ. ಲಿನಕ್ಸ್‌ನ ಎರಡು ಬಗೆಯ ಪ್ಯಾಕೇಜ್, ಡೆಬ್ ಮತ್ತು ಆರ್‌ಪಿಎಂ, ಎರಡೂ ಬೇಕಾದರೆ ಓಪನ್‌ಸುಸೆಯ ಓಪನ್ ಬಿಲ್ಡ್ ಸರ್ವಿಸ್ ಬೇರೆ ಬೇರೆ ಲಿನಕ್ಸ್‌ಗೆ ಕಟ್ಟಿಕೊಡುತ್ತದೆ. ವಿಚಿತ್ರ ಪ್ರೊಸೆಸರ್‌ಗಳಲ್ಲಿ ಪರೀಕ್ಷೆ ಮಾಡಬೇಕಾದರೆ ಜಿಸಿಸಿ ಕಂಪೈಲ್ ಫಾರ್ಮ್‌ನಲ್ಲಿ ಓಪನ್ ಸೋರ್ಸ್ ಮಾಡುವವರಿಗೆ ಖಾತೆ ಕೊಡುತ್ತಾರೆ. ಅಲ್ಲಿ ನೂರಾರು ಜನ ಇರುತ್ತಾರೆ, ಗುಟ್ಟಿನದು ಏನೂ ಇಡಬೇಡಿ. ನನ್ನ ಸ್ಟೇಷನ್ ಬಂತು.

ಕೋಥ್ರೂಡ್_ವಿಜಯಪುರ · ಮೂರು ವಾರದ ನಂತರ, ಭಾನುವಾರ ಸಂಜೆ 7:15

ಮೂವರಿಗೂ ಮನಸಾರೆ ಧನ್ಯವಾದ. ಏನಾಯಿತು ಅಂತ ಹೇಳಲೇಬೇಕು.

ಕೀ ಆ ಮಂಗಳವಾರ ಮಧ್ಯಾಹ್ನವೇ ರಿವೋಕ್ ಮಾಡಿದೆ. ಊಟದ ಬಿಡುವಿನಲ್ಲಿ ಕೂತು ಬಳಕೆದಾರರಿಗೆ ಪತ್ರ ಬರೆಯುವಾಗ ಬಹಳ ಸಂಕಟ ಆಯಿತು. ಆದರೆ ಒಬ್ಬರೂ ಬೈದು ಬರೆಯಲಿಲ್ಲ. ಪುಲ್ ರಿಕ್ವೆಸ್ಟ್‌ಗಳ ಟೆಸ್ಟ್ ಎಲ್ಲ ಗಿಟ್‌ಹಬ್ ರನ್ನರ್‌ಗೆ ಹೋಯಿತು. ಆರ್ಮ್ ಬಿಲ್ಡ್ ಮೊದಲು ಎಮ್ಯುಲೇಟರ್‌ನಲ್ಲಿ ಒಂದೂ ಮುಕ್ಕಾಲು ಗಂಟೆ ತಿನ್ನುತ್ತಿತ್ತು, ಈಗ ನಿಜವಾದ ಆರ್ಮ್ ಯಂತ್ರದಲ್ಲಿ ಹನ್ನೊಂದು ನಿಮಿಷ. ಹಳೇ ಸರ್ವರ್ ಅನ್ನು ಡಿಸ್ಕ್ ಸಮೇತ ಅಳಿಸಿದೆವು. ರಿಲೀಸ್ ದಿನ ಮಾತ್ರ ಹೊಸ ಯಂತ್ರ ಹುಟ್ಟುತ್ತದೆ, ಒಂದು ಗಂಟೆಯೊಳಗೆ ಹೋಗುತ್ತದೆ.

ಎರಡು ಕಡೆ ಕಟ್ಟುವುದು ಹೆಚ್ಚು ಕಾಡಿತು. ಮೊದಲು ಗುರುವಾರ ಕೂತೆ. ಪುಣೆಯಲ್ಲಿ ಗುರುವಾರ ಅಂದರೆ ದುರಸ್ತಿಗೆ ಕರೆಂಟ್ ತೆಗೆಯುವ ದಿನ, ಲ್ಯಾಪ್‌ಟಾಪ್ ಅರ್ಧಕ್ಕೇ ಮಲಗಿತು. ಭಾನುವಾರ ಮತ್ತೆ ಶುರು. ಚೆಕ್‌ಸಮ್ ಬೇರೆ ಬಂತು. ಡಿಫೋಸ್ಕೋಪ್ ಓಡಿಸಿದರೆ ಎರಡು ಜಾಗ ತೋರಿಸಿತು. ಒಂದು, ನಮ್ಮ "ಪರಿಚಯ" ಕಿಟಕಿಯಲ್ಲಿ ಬಿಲ್ಡ್ ಆದ ತಾರೀಖು ಮತ್ತು ಹೊತ್ತು ತಾನಾಗಿ ಕೂರುತ್ತಿತ್ತು. ಅದನ್ನು ಹಾಕಿದವಳು ನಾನೇ, ನಾಲ್ಕು ವರ್ಷದ ಹಿಂದೆ. ಬಿಲ್ಡ್‌ಗೆ ತಾರೀಖು ಹೇಳುವ ಸೋರ್ಸ್ ಡೇಟ್ ಎಪಾಕ್ ಅನ್ನು ಟ್ಯಾಗ್‌ನ ಕಮಿಟ್ ಸಮಯಕ್ಕೆ ಇಟ್ಟೆ, ಕಂಪೈಲರ್ ಜಿಸಿಸಿ ಅದನ್ನೇ ತಗೊಂಡಿತು. ಇನ್ನೊಂದು, ನನ್ನ ಫೋಲ್ಡರ್‌ನ ಹೆಸರು ಬೈನರಿ ಒಳಗೆ ಉಳಿಯುತ್ತಿತ್ತು. ಅದಕ್ಕೆ ಕಂಪೈಲರ್‌ನ ಫೈಲ್ ಪ್ರಿಫಿಕ್ಸ್ ಮ್ಯಾಪ್ ಆಯ್ಕೆ ಹಾಕಿದೆ, ಅದು ಆ ಹೆಸರನ್ನು ಬದಲಿಸುತ್ತದೆ.

ಆಮೇಲೆ ಪಣಜಿಯ ಗೆಳತಿಗೆ ಫೋನ್ ಹಚ್ಚಿದೆ. ಅವಳ ಲ್ಯಾಪ್‌ಟಾಪ್‌ನಲ್ಲಿ ಬಂದ 64 ಅಕ್ಷರ ಅವಳು ನಾಲ್ಕು ನಾಲ್ಕಾಗಿ ಓದುತ್ತಾ ಹೋದಳು, ಕ್ಲೌಡ್‌ನಿಂದ ಬಂದದ್ದರ ಮೇಲೆ ನಾನು ಪೆನ್ಸಿಲ್ ಇಟ್ಟುಕೊಂಡು ಟಿಕ್ ಹಾಕುತ್ತಾ ಹೋದೆ. ಮಷೀನ್ ಒಂದು ಕ್ಷಣದಲ್ಲಿ ಹೋಲಿಸುತ್ತದೆ, ಗೊತ್ತು. ಆದರೂ ಮೊದಲ ಸಲ ಕಿವಿಯಿಂದ ಕೇಳಬೇಕು ಅನಿಸಿತು. ಹದಿನಾರನೇ ನಾಲ್ಕಕ್ಕೂ ಟಿಕ್ ಬಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇವತ್ತು ಮಧ್ಯಾಹ್ನ ಸೊಲ್ಲಾಪುರದ ಮಾಸ್ತರರು ಫೋನ್ ಮಾಡಿದ್ದರು. ತೆರೆಯಿತಂತೆ. ಎರಡು ಸಂಚಿಕೆ ಮುಗಿಸಿದ್ದಾರೆ. "ಆದ್ರ ಒಂದು ಕಡೆ 'ಕೀರ್ತಿ' ಅನ್ನೋದು 'ಕೀತಿರ್' ಆಗೇದ ನೋಡು" ಅಂದರು. ಹಳೇ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಟೈಪ್ ಆಗಿರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಕ್ಕಿಂತ ಮೊದಲು ಬರಬೇಕು. ಗುಣಿತಾಕ್ಷರ ಇದ್ದಾಗ ನಮ್ಮ ಕೋಡ್ ಅದನ್ನು ಆ ಅಕ್ಷರದ ಮೊದಲಿಗೆ ದಾಟಿಸುತ್ತಿಲ್ಲ. ಬಗ್ ಬರೆದು ಹಾಕಿದ್ದೇನೆ, ಈಗ ಅದನ್ನೇ ನೋಡುತ್ತಿದ್ದೇನೆ.