ಡೈಎಲ್ಡ್ರಿನ್ ‘ಇಲ್ಲ’ ಅಂದಿದ್ದು ಯಾರು?

(ಎಂ.ಎಸ್ಸಿ. ರಸಾಯನಶಾಸ್ತ್ರ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು. ಹಂಚಿಕೊಂಡದ್ದು: ಕೆರೆಯ ಕೆಸರು ಮತ್ತು ಮೀನಿನಲ್ಲಿ ಕ್ಲೋರಿನ್‌ಯುಕ್ತ ಕೀಟನಾಶಕಗಳ ಬಗ್ಗೆ ಒಬ್ಬ ರಸಾಯನಶಾಸ್ತ್ರಜ್ಞೆಯ ಲೇಖನದ ಪಿಡಿಎಫ್, ಜೊತೆಗೆ ಅದರಿಂದ ಯಾರೋ ಮಾಡಿದ ಬಣ್ಣದ ಕಾರ್ಡ್.)

ಸುಜಾತಾ: ಕಾರ್ಡ್ ನೋಡಿ. ಮೀನಿನಲ್ಲೂ ಕೆಸರಿನಲ್ಲೂ ಡಿಡಿಟಿ, ಅದೂ ಹೊಸ ಬಳಕೆಯ ಸುಳಿವಂತೆ. ಡೈಎಲ್ಡ್ರಿನ್, ಎಂಡ್ರಿನ್, ಎಂಡೋಸಲ್ಫಾನ್ ಮಾತ್ರ ‘ಪತ್ತೆಯಾಗಿಲ್ಲ’. ಪುಣ್ಯಕ್ಕೆ ಅಷ್ಟಾದರೂ ನೆಮ್ಮದಿ.

ಮಂಜುನಾಥ: ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂಗಾಯ್ತು. ಮೀನಿನ ಅಂಕಿ ಕೊಬ್ಬಿನ ಲೆಕ್ಕದಲ್ಲೋ ಹಸಿ ತೂಕದಲ್ಲೋ? ಕಾರ್ಡಲ್ಲಿ ಬರೀ ‘ಪ್ರತಿ ಗ್ರಾಂಗೆ ನ್ಯಾನೋಗ್ರಾಂ’ ಅಂತಿದೆ. ಕೊಬ್ಬಿನ ಲೆಕ್ಕದಲ್ಲಿ 500 ಅಂತಿಟ್ಟುಕೊ, ಮೀನಿನ ಕೊಬ್ಬು ಶೇ. 2. ಹಸಿ ತೂಕಕ್ಕೆ ಅದು 10. ಆಹಾರದ ಮಿತಿಯ ಜೊತೆ ಹೋಲಿಸುವ ಮೊದಲು ಎರಡೂ ಒಂದೇ ಲೆಕ್ಕದಲ್ಲಿರಬೇಕು. ಇಲ್ಲಿ ಕಲಸಿಬಿಟ್ಟಿದ್ದಾರೆ.

ಸುಜಾತಾ: ಪಿಡಿಎಫ್‌ನ ಪಟ್ಟಿಯಲ್ಲಿ ಎರಡೂ ಕಾಲಂ ಬೇರೆ ಬೇರೆ ಇವೆ ಕಣೋ. ಕಾರ್ಡ್ ಮಾಡಿದವರ ತಪ್ಪನ್ನು ಆಕೆಯ ತಲೆಗೆ ಕಟ್ಟಬೇಡ.

ಮಂಜುನಾಥ: ಸರಿ. ಆದರೆ ‘ಹೊಸ ಬಳಕೆ’ ಅನ್ನೋದು ಲೇಖನದಲ್ಲೇ ಇದೆ. ಅದನ್ನು ನಂಬಲ್ಲ. ಜಿಸಿ (ಗ್ಯಾಸ್ ಕ್ರೊಮ್ಯಾಟೊಗ್ರಾಫ್, ಮಿಶ್ರಣ ಬೇರ್ಪಡಿಸುವ ಯಂತ್ರ) ಇಂಜೆಕ್ಟರ್‌ನ ಲೈನರ್, ಅಂದರೆ ಒಳಗಿನ ಗಾಜಿನ ಕೊಳವೆ, ಕೊಳಕಾಗಿದ್ದರೆ ಡಿಡಿಟಿ ಅಲ್ಲೇ ಒಡೆದು ಡಿಡಿಇ, ಡಿಡಿಡಿ ಆಗುತ್ತೆ. ಅನುಪಾತ ಪೂರಾ ಏರುಪೇರು.

ಅನ್ವರ್: ಒಡೆಯುತ್ತೆ ನಿಜ. ಆದರೆ ಯಾವ ಕಡೆಗೆ ಏರುಪೇರು, ಯೋಚಿಸು. ಡಿಡಿಟಿ ಹಳೇದಾದಷ್ಟೂ ತಾನಾಗಿ ಒಡೆದು ಡಿಡಿಇ, ಡಿಡಿಡಿ ಆಗುತ್ತೆ, ಅದಕ್ಕೇ ಕೆಸರಿನಲ್ಲಿ ಅವೆರಡನ್ನೂ ಕೂಡಿಸಿ ಒಟ್ಟು ಡಿಡಿಟಿ ಗುಂಪಿನಿಂದ ಭಾಗಿಸ್ತೀವಿ. 0.5ಕ್ಕಿಂತ ಮೇಲಿದ್ದರೆ ಹಳೇದು, ಕೆಳಗಿದ್ದರೆ ಹೊಸದಾಗಿ ಬಂದಿರಬಹುದು ಅಂತ ಓದ್ತೀವಿ. ಇಂಜೆಕ್ಟರ್‌ನಲ್ಲಿ ಒಡೆದರೆ ಭಾಗಾಕಾರದ ಮೇಲಿನ ಅಂಕಿ (ಡಿಡಿಇ + ಡಿಡಿಡಿ) ಹೆಚ್ಚುತ್ತೆ, ಹೊಸ ಡಿಡಿಟಿ ಹಳೇದರಂತೆ ಕಾಣುತ್ತೆ. ಅಂಥಾ ಲೈನರ್ ಇಟ್ಕೊಂಡೂ ‘ಹೊಸದು’ ಅಂತ ಬಂದಿದ್ದರೆ ಆಕೆಯ ವಾದ ಇನ್ನೂ ಗಟ್ಟಿ. ನಿನ್ನ ಆಕ್ಷೇಪ ನಿನಗೇ ತಿರುಗುಬಾಣ.

ಮಂಜುನಾಥ: 🙄 ಒಪ್ಪಿದೆ. ಆದರೂ ಪರೀಕ್ಷೆ ಮಾಡಿರಬೇಕಲ್ಲ.

ಅನ್ವರ್: ಮಾಡಿದ್ದಾರೆ. ಪ್ರತಿ ಸರಣಿಗೂ ಮೊದಲು ಪಿ,ಪಿ′-ಡಿಡಿಟಿ (ಡಿಡಿಟಿಯ ಮುಖ್ಯ ರೂಪ) ಮತ್ತು ಎಂಡ್ರಿನ್ ಮಾತ್ರ ಇರುವ ದ್ರಾವಣ ಹಾಕಿ, ಡಿಡಿಇ + ಡಿಡಿಡಿ ಶಿಖರಗಳ ಪಾಲು ಲೆಕ್ಕ ಹಾಕಿದ್ದಾರೆ. ಶೇ. 15 ದಾಟಿದರೆ ನಿಲ್ಲಿಸೋದು ರೂಢಿ. ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಬದಲಿಸಿ, ನಿಷ್ಕ್ರಿಯಗೊಳಿಸಿದ ಹೊಸ ಲೈನರ್ ಹಾಕಿ, ಕಾಲಂನ (ಜಿಸಿಯೊಳಗಿನ ಸಪೂರ ಕೊಳವೆ) ತುದಿ ಒಂದು ಗೇಣಿನಷ್ಟು ಕತ್ತರಿಸಿ ಮತ್ತೆ ಹಾಕಬೇಕು. ಮೀನಿನ ಸಾರ ಹಾಕಿದ ಮೇಲಂತೂ ಬೇಗ ಕೆಡುತ್ತೆ. ಕೊಬ್ಬಿನ ಚೂರು ಉಳಿದರೂ ಲೈನರ್‌ನಲ್ಲಿ ಕಂದು ಪಟ್ಟಿ ಬೀಳುತ್ತೆ, ಒಡೆಯೋದು ಅಲ್ಲಿಂದಲೇ ಶುರು.

ಲತಾ: ನನಗೆ ಇರೋ ಅನುಮಾನವೇ ಬೇರೆ. ‘ಹೊಸದು’ ಅನ್ನೋಕೆ ಒ,ಪಿ′-ಡಿಡಿಟಿ (ಕ್ಲೋರಿನ್ ಬೇರೆ ಜಾಗದಲ್ಲಿರುವ ಡಿಡಿಟಿಯ ಇನ್ನೊಂದು ರೂಪ) ಕೂಡ ಬಳಸಿದ್ದಾರೆ. ಕೈಗಾರಿಕಾ ಡಿಡಿಟಿಯಲ್ಲಿ ಒ,ಪಿ′ ಅಂಶ ಪಿ,ಪಿ′ಗಿಂತ ತುಂಬಾ ಕಡಿಮೆ, ಸುಮಾರು 0.2–0.3 ಪಟ್ಟು. ಡೈಕೋಫಾಲ್ ಅನ್ನೋ ನುಸಿನಾಶಕದಲ್ಲಿ ಕಲ್ಮಶವಾಗಿ ಬರುವ ಡಿಡಿಟಿಯಲ್ಲಿ ಉಲ್ಟಾ, ಒ,ಪಿ′ಯೇ ಜಾಸ್ತಿ. ಅನುಪಾತ 1 ದಾಟಿದರೆ ಸೊಳ್ಳೆಗೆ ಹೊಡೆದ ಡಿಡಿಟಿ ಅಲ್ಲ, ಡೈಕೋಫಾಲ್ ಅಂತ ಅನುಮಾನ ಪಡಬೇಕು. ಆದರೆ ಸಾಮಾನ್ಯ ಶೇ. 5 ಫಿನೈಲ್ ಕಾಲಂನಲ್ಲಿ ಒ,ಪಿ′-ಡಿಡಿಟಿ, ಪಿ,ಪಿ′-ಡಿಡಿಡಿ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಹೊರಬರ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಇದ್ದರೂ ಉಪಯೋಗ ಇಲ್ಲ, ಎರಡಕ್ಕೂ ಮುಖ್ಯ ಅಯಾನಿನ ಅಂಕಿ ಒಂದೇ, 235. ಡಿಡಿಇ ಆದರೆ 246, 318 ಅಂತ ಬೇರೆ ಗುರುತಿದೆ.

ಸುಜಾತಾ: ಹಾಗಾದರೆ ಆಕೆ ಹೇಗೆ ಬೇರ್ಪಡಿಸಿದರು?

ಲತಾ: ಓವನ್ ಏರಿಕೆ ನಿಧಾನ ಮಾಡಿ ಇನ್ನೊಂದು ಧ್ರುವತೆಯ ಕಾಲಂನಲ್ಲೂ ಓಡಿಸಿದ್ದಾರೆ. ಕ್ರೊಮ್ಯಾಟೊಗ್ರಾಂ ಹಾಕಿದ್ದಾರೆ, ಎರಡು ಶಿಖರಗಳ ನಡುವಿನ ಕಣಿವೆ ಬುಡದವರೆಗೂ ಇಳಿದಿದೆ. ಅಷ್ಟರಮಟ್ಟಿಗೆ ನಂಬಬಹುದು. ಅನುಪಾತ ಕಡಿಮೆಯೇ ಇದೆ, ಹಾಗಾಗಿ ಡೈಕೋಫಾಲ್ ಅಲ್ಲ.

ಪ್ರಭಾಕರ: ಎಲ್ಲರೂ ಡಿಡಿಟಿ ಹಿಂದೆ ಬಿದ್ದಿದ್ದೀರಿ. ಕಾರ್ಡಿನ ಕೆಳಗಿನ ಸಾಲು ನೋಡಿ. ‘ಡೈಎಲ್ಡ್ರಿನ್ ಪತ್ತೆಯಾಗಿಲ್ಲ’. ಈಗ ಲೇಖನದ ವಿಧಾನದ ಭಾಗ ಓದಿ: ಹೆಕ್ಸೇನ್-ಅಸಿಟೋನ್‌ನಲ್ಲಿ ಸಾಕ್ಸ್‌ಲೆಟ್ (ದ್ರಾವಕ ಸುತ್ತಿಸಿ ಸಾರ ತೆಗೆಯೋದು), ಹೆಕ್ಸೇನ್‌ಗೆ ಬದಲಾವಣೆ, ಆಮೇಲೆ ಸಾಂದ್ರ ಗಂಧಕಾಮ್ಲದಿಂದ ತೊಳೆಯೋದು, ಆಮ್ಲದ ಪದರ ಬಣ್ಣವಿಲ್ಲದಾಗುವವರೆಗೆ.

ಮಂಜುನಾಥ: ಅಯ್ಯಯ್ಯೋ.

ಸುಜಾತಾ: ಏನಾಯ್ತು? ಕೊಬ್ಬು ತೆಗೆಯೋಕೆ ಎಲ್ಲರೂ ಅದನ್ನೇ ಮಾಡ್ತಾರಲ್ಲ.

ಪ್ರಭಾಕರ: ಡಿಡಿಟಿ, ಎಚ್‌ಸಿಎಚ್ (ಲಿಂಡೇನ್ ಗುಂಪಿನ ಕೀಟನಾಶಕ), ಪಿಸಿಬಿಗೆ (ಕ್ಲೋರಿನ್‌ಯುಕ್ತ ಕೈಗಾರಿಕಾ ರಾಸಾಯನಿಕ) ಮಾಡಬಹುದು, ಆಮ್ಲಕ್ಕೆ ಅವು ಜಗ್ಗಲ್ಲ. ಆದರೆ ಡೈಎಲ್ಡ್ರಿನ್, ಎಂಡ್ರಿನ್‌ನಲ್ಲಿ ಎಪಾಕ್ಸೈಡ್ ಉಂಗುರ ಇದೆ, ಎಂಡೋಸಲ್ಫಾನ್‌ನಲ್ಲಿ ಸಲ್ಫೈಟ್ ಎಸ್ಟರ್ ಇದೆ. ಸಾಂದ್ರ ಆಮ್ಲದ ಮುಂದೆ ಇವು ನಿಲ್ಲಲ್ಲ, ನಾಶ. ಮಾದರಿಯಲ್ಲಿ ಇದ್ದವೋ ಇಲ್ಲವೋ ಯಾರಿಗೂ ಗೊತ್ತಾಗದ ಹಾಗೆ ತೊಳೆದುಹಾಕಿ ‘ಇಲ್ಲ’ ಅಂದಂತೆ.

ಸುಜಾತಾ: ಪತ್ತೆಮಿತಿ ಕೊಟ್ಟಿದ್ದಾರಲ್ಲ?

ಪ್ರಭಾಕರ: ಅದು ಯಂತ್ರದ ಪತ್ತೆಮಿತಿ. ಶುದ್ಧ ದ್ರಾವಣ ಸೀದಾ ಜಿಸಿಗೆ ಹಾಕಿ ತೆಗೆದದ್ದು. ನೋಡಬೇಕಾದ್ದು ರಿಕವರಿ: ಸಾರ ತೆಗೆಯುವ ಮೊದಲೇ ಕೆಸರಿಗೆ ಗೊತ್ತಿರುವಷ್ಟು ಡೈಎಲ್ಡ್ರಿನ್ ಸೇರಿಸಿ, ಪೂರ್ತಿ ವಿಧಾನ ಮುಗಿದ ಮೇಲೆ ಎಷ್ಟು ವಾಪಸ್ ಬಂತು ಅಂತ. ಅನುಬಂಧದ ರಿಕವರಿ ಪಟ್ಟಿಯಲ್ಲಿ ಡಿಡಿಟಿಗಳು, ಎಚ್‌ಸಿಎಚ್‌ಗಳು, ಎಚ್‌ಸಿಬಿ (ಹೆಕ್ಸಾಕ್ಲೋರೊಬೆಂಜೀನ್) ಇವೆ. ಡೈಎಲ್ಡ್ರಿನ್ ಹೆಸರೇ ಇಲ್ಲ.

ಲತಾ: ಆಕೆ ‘ಗುರಿ ಸಂಯುಕ್ತಗಳು’ ಅಂತ ಬರೆದ ಪಟ್ಟಿಯಲ್ಲೂ ಇಲ್ಲ! ಡಿಡಿಟಿ ಗುಂಪು, ಎಚ್‌ಸಿಎಚ್, ಎಚ್‌ಸಿಬಿ ಅಷ್ಟೇ. ಡೈಎಲ್ಡ್ರಿನ್ ಯಂತ್ರದ ಮಾಪನ ಪಟ್ಟಿಯಲ್ಲಿ (ಯಂತ್ರ ಹೊಂದಿಸೋಕೆ ಹಾಕಿದ ಶುದ್ಧ ದ್ರಾವಣಗಳದು) ಮಾತ್ರ ಇದೆ. ಅಲ್ಲಿಂದ ಕಾರ್ಡಿಗೆ ಎತ್ತಿಕೊಂಡಿದ್ದಾರೆ.

ಸುಜಾತಾ: ಅಂದರೆ ಆಕೆ ‘ಇಲ್ಲ’ ಅಂತ ಹೇಳೇ ಇಲ್ಲ.

ಪ್ರಭಾಕರ: ಹೇಳಿಲ್ಲ. ಆದರೆ ಆ ಮಾಪನ ಪಟ್ಟಿಯನ್ನು ಹಾಗೇ ಬಿಟ್ಟದ್ದು ಅವರ ಅಜಾಗ್ರತೆ, ಅದನ್ನು ನಾನು ಮಾಫಿ ಮಾಡಲ್ಲ. ಡೈಎಲ್ಡ್ರಿನ್ ಬೇಕಿದ್ದರೆ ಸಾರವನ್ನು ಎರಡು ಪಾಲು ಮಾಡಬೇಕು. ಒಂದಕ್ಕೆ ಆಮ್ಲ. ಇನ್ನೊಂದನ್ನು ಮೊದಲು ಜೆಲ್ ಕಾಲಂನಲ್ಲಿ ಕೊಬ್ಬಿನಿಂದ ಬೇರ್ಪಡಿಸಿ, ಆಮೇಲೆ ಫ್ಲೋರಿಸಿಲ್‌ಗೆ (ವಸ್ತುಗಳನ್ನು ಹಿಡಿದು ಬೇರ್ಪಡಿಸುವ ಪುಡಿ). ಹೆಕ್ಸೇನ್‌ನಲ್ಲಿ ಶೇ. 6 ಈಥರ್ ಹಾಕಿದರೆ ಡಿಡಿಟಿ, ಪಿಸಿಬಿ ಬರ್ತವೆ, ಶೇ. 15ಕ್ಕೆ ಏರಿಸಿದರೆ ಡೈಎಲ್ಡ್ರಿನ್, ಎಂಡ್ರಿನ್. ಫ್ಲೋರಿಸಿಲ್ ತೇವ ಹೀರಿಕೊಂಡಿದ್ದರೆ ಈ ಲೆಕ್ಕ ಕೆಡುತ್ತೆ, ಎಲ್ಲವೂ ಮೊದಲ ಭಾಗದಲ್ಲೇ ಜಾರಿ ಬರ್ತವೆ. ಇನ್ನೊಂದು: ಮೀನಿನ ಕೊಬ್ಬನ್ನು ತೂಗುವ ಪಾಲು ಆಮ್ಲಕ್ಕೂ ಮೊದಲೇ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ತೂಗೋಕೆ ಕೊಬ್ಬು ಇರಲ್ಲ.

ಅನ್ವರ್: ಆಮ್ಲ ಹಾಕುವ ಮೊದಲು ಅಸಿಟೋನ್ ಪೂರ್ತಿ ಹೋಗಿರಬೇಕು ಅನ್ನೋದೂ ಸೇರಿಸಿ. ಉಳಿದಿದ್ದರೆ ಬಿಸಿಯೇರಿ ಮುಚ್ಚಳ ಹಾರುತ್ತೆ. ಹಾಗಂತ ಪೂರಾ ಒಣಗಿಸಿದರೆ ಎಚ್‌ಸಿಬಿ, ಎಚ್‌ಸಿಎಚ್‌ನಂಥ ಹಗುರದವು ಗಾಳಿಗೆ ಹೋಗ್ತವೆ. ಅವರ ಪಟ್ಟಿಯಲ್ಲಿ, ನಷ್ಟ ತಿಳಿಯೋಕೆ ಮೊದಲೇ ಸೇರಿಸಿದ ಗುರುತು ವಸ್ತುಗಳ ಪೈಕಿ ಟೆಟ್ರಾಕ್ಲೋರೊ-ಮೆಟಾ-ಜೈಲೀನ್ ವಾಪಸ್ ಬಂದದ್ದು ಕಡಿಮೆ, ಡೆಕಾಕ್ಲೋರೊಬೈಫಿನೈಲ್ ಚೆನ್ನಾಗಿದೆ. ಹಗುರದ್ದು ಕಡಿಮೆ, ಭಾರದ್ದು ಸರಿ ಅಂದರೆ ನಷ್ಟ ಆವಿಯಾಗುವಾಗಲೇ. ಎಚ್‌ಸಿಎಚ್ ಅಂಕಿಗಳು ನಿಜಕ್ಕಿಂತ ಕಡಿಮೆ ಇರಬಹುದು. ಐಸೊಆಕ್ಟೇನ್ ಒಂದೆರಡು ಹನಿ ‘ಕೀಪರ್’ (ಪೂರಾ ಒಣಗದಂತೆ ಹಿಡಿದಿಡುವುದು) ಆಗಿ ಹಾಕಿದ್ದರೆ ಸಾಕಿತ್ತು.

ಮಂಜುನಾಥ: ಗಂಧಕ? ಕೆಸರು ಅಂದಮೇಲೆ ಧಾತುರೂಪದ ಗಂಧಕ ಇದ್ದೇ ಇರುತ್ತೆ. ಇಸಿಡಿ (ಕ್ಲೋರಿನ್‌ಯುಕ್ತ ವಸ್ತು ಹಿಡಿಯುವ) ಡಿಟೆಕ್ಟರ್‌ನಲ್ಲಿ ಲಿಂಡೇನ್ ಮೇಲೇ ದೊಡ್ಡ ಗುಡ್ಡ ಕಟ್ಟುತ್ತೆ.

ಅನ್ವರ್: ತಾಮ್ರದ ಪುಡಿ ಹಾಕಿದ್ದಾರೆ, ಕಪ್ಪಾಗುವುದು ನಿಲ್ಲುವವರೆಗೆ. ಆಮ್ಲದಲ್ಲಿ ತೊಳೆದು ಹೊಳೆಯುವಂತೆ ಮಾಡಿದ ತಾಮ್ರ. ಅದು ಸರಿಯಿದೆ.

ಪದ್ಮಾ ಮೇಡಂ: ಇಷ್ಟೆಲ್ಲ ಆಯ್ತು. ಆ ಕೆರೆ ಮೀನು ತಿನ್ನಬಹುದೋ ಬಾರದೋ?

ಲತಾ: ಮೇಡಂ, ಹಸಿ ತೂಕದ ಕಾಲಂ ನೋಡಿ ಹೇಳಬೇಕು, ಒಬ್ಬರು ವಾರಕ್ಕೆ ಎಷ್ಟು ತಿಂತಾರೆ ಅನ್ನೋದರ ಜೊತೆ. ಕುದಿಸಿದರೆ ಡಿಡಿಟಿ ನಾಶವಾಗಲ್ಲ. ಅದು ಕೊಬ್ಬಿನಲ್ಲಿ ಕೂತಿರುತ್ತೆ, ಹಾಗಾಗಿ ಚರ್ಮ, ಹೊಟ್ಟೆಯ ಭಾಗದ ಕೊಬ್ಬು ತೆಗೆದು, ಕೊಬ್ಬು ಬಸಿದುಹೋಗುವಂತೆ ಸುಟ್ಟು ತಿಂದರೆ ಒಂದಿಷ್ಟು ಇಳಿಯುತ್ತೆ. ಬಸಿದದ್ದನ್ನು ಮತ್ತೆ ಬಳಸಬಾರದು. ಪಾದರಸಕ್ಕೆ ಈ ಉಪಾಯ ನಡೆಯಲ್ಲ, ಅದು ಮಾಂಸಖಂಡದಲ್ಲೇ ಇರುತ್ತೆ.

ಸುಜಾತಾ: ಹಾಗಾದರೆ ಭಯ ಹುಟ್ಟಿಸೋ ಸಾಲು ನಿಲ್ಲುತ್ತೆ, ನೆಮ್ಮದಿಯ ಸಾಲು ಬಿದ್ದುಹೋಗುತ್ತೆ! ಕಾರ್ಡ್ ಡಿಲೀಟ್ ಮಾಡ್ತೀನಿ, ಪಿಡಿಎಫ್ ಇರಲಿ.

ಮಂಜುನಾಥ: ‘ಹೊಸ ಬಳಕೆ’ ಅಂದತಕ್ಷಣ ಕಳ್ಳಸಿಂಪಡಣೆ ಅಂತ ಯಾರೂ ಬರೀಬೇಡಿ. ಬೇಗ ನಾಶವಾಗದ ವಿಷಗಳ ಬಗೆಗಿನ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಡಿಡಿಟಿ ಇರುವುದು ‘ಬಿ’ (ನಿರ್ಬಂಧ) ಅನುಬಂಧದಲ್ಲಿ, ರೋಗ ಹರಡುವ ಸೊಳ್ಳೆ ನಿಯಂತ್ರಣಕ್ಕೆ ಇನ್ನೂ ಅವಕಾಶ ಇದೆ. ಡೈಕೋಫಾಲ್ ಮಾತ್ರ 2019ರಲ್ಲಿ ‘ಎ’ (ನಿರ್ಮೂಲನ) ಅನುಬಂಧಕ್ಕೆ ಹೋಯ್ತು.

ಪ್ರಭಾಕರ: ಆಕೆಗೆ ನಾನು ಮೇಲ್ ಬರೀತೀನಿ. ಆಮ್ಲ ಮುಟ್ಟದ ಸಾರದ ಪಾಲು ಫ್ರೀಜರ್‌ನಲ್ಲಿ ಉಳಿದಿದೆಯಾ ಅಂತ ಅಷ್ಟೇ ಕೇಳ್ತೀನಿ. ಇದ್ದರೆ ಫ್ಲೋರಿಸಿಲ್ ಒಂದು ದಿನದ ಕೆಲಸ.